ಶೋಪಾನ್ ಸತ್ತಿದ್ದು ಕ್ಷಯದಿಂದಲೇ?

ಪ್ರಶ್ನೆ: ಪಿಯಾನೊ ಸಂಗೀತಗಾರ ಶೋಪಾನ್ ಕ್ಷಯದಿಂದ ಸತ್ತ ಅಂತ ಕೆಲವರು ಬರೆಯುತ್ತಾರೆ, ಅಲ್ಲ ಅಂತ ಇನ್ನು ಕೆಲವರು. ಯಾವುದು ಸರಿ?

ಕ್ಷಯವೇ ಇರಬೇಕು. ಇಷ್ಟು ಧೈರ್ಯವಾಗಿ ಹೇಳಲು ಒಂದು ಕಾರಣವಿದೆ. ಅವನ ಹೃದಯ ಇವತ್ತಿಗೂ ಒಂದು ಗಾಜಿನ ಜಾಡಿಯಲ್ಲಿ ಉಳಿದಿದೆ.

ಫ್ರೆಡರಿಕ್ ಶೋಪಾನ್ ಹುಟ್ಟಿದ್ದು 1810ರಲ್ಲಿ, ಪೋಲೆಂಡಿನ ವಾರ್ಸಾ ಹತ್ತಿರದ ಹಳ್ಳಿಯಲ್ಲಿ. ಇಪ್ಪತ್ತರ ವಯಸ್ಸಿಗೆ ಊರು ಬಿಟ್ಟ. ಅವನು ಹೊರಟ ಕೆಲವೇ ವಾರಗಳಲ್ಲಿ ರಷ್ಯಾದ ಆಳ್ವಿಕೆಯ ವಿರುದ್ಧ ವಾರ್ಸಾದಲ್ಲಿ ದಂಗೆ ಎದ್ದಿತು. ಮತ್ತೆ ಅವನು ಊರಿಗೆ ಹೋಗಲೇ ಇಲ್ಲ. ಪ್ಯಾರಿಸ್‌ನಲ್ಲಿ ಪಿಯಾನೊ ಪಾಠ ಹೇಳಿಕೊಂಡು ಬದುಕಿ, 1849ರ ಅಕ್ಟೋಬರ್ 17ರಂದು ಅಲ್ಲೇ ತೀರಿಕೊಂಡ. ಬರೀ 39 ವರ್ಷ.

ಬದುಕಿರುವಾಗಲೇ ಹೂತುಬಿಟ್ಟರೆ ಅನ್ನುವ ಭಯ ಅವನಿಗಿತ್ತು. ಹಾಗಾಗಿ ಸತ್ತ ಮೇಲೆ ದೇಹವನ್ನು ಕೊಯ್ದು ನೋಡಿ ಎಂದು ಕೇಳಿಕೊಂಡಿದ್ದ. ದೇಹ ಪ್ಯಾರಿಸ್‌ನ ಮಣ್ಣಿಗೆ ಹೋಯಿತು. ಹೃದಯವನ್ನು ಅಕ್ಕ ಲುಡ್ವಿಕಾ ಮದ್ಯಸಾರ ತುಂಬಿದ ಜಾಡಿಯಲ್ಲಿಟ್ಟು ಗುಟ್ಟಾಗಿ ವಾರ್ಸಾಗೆ ಒಯ್ದಳು. ತಮ್ಮನಿಗೆ ಹಿಂದಿರುಗಲಾಗದ ಊರಿಗೆ ಅವನ ಹೃದಯವನ್ನಾದರೂ ಮುಟ್ಟಿಸಿದಳಲ್ಲ, ಈ ಅಕ್ಕನನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಈಗ ಅದು ಹೋಲಿ ಕ್ರಾಸ್ ಚರ್ಚಿನ ಒಂದು ಕಂಬದೊಳಗಿದೆ. 1944ರಲ್ಲಿ ಜರ್ಮನ್ನರ ಕೈಸೇರಿದ್ದ ಆ ಜಾಡಿ, ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ 17ರಂದು, ಅವನು ತೀರಿಕೊಂಡ ದಿನವೇ ಅದೇ ಕಂಬಕ್ಕೆ ಮರಳಿತು.

ಅನುಮಾನ ಹುಟ್ಟಿದ್ದು ಯಾಕೆ? ಶವಪರೀಕ್ಷೆಯ ವರದಿ ಕಳೆದುಹೋಗಿದೆ. ಕ್ಷಯದ ರೋಗಾಣು ಪತ್ತೆಯಾಗಿದ್ದೇ 1882ರಲ್ಲಿ, ಹಾಗಾಗಿ ಆಗಿನ ವೈದ್ಯರಿಗೆ ಖಚಿತ ಪರೀಕ್ಷೆ ಯಾವುದೂ ಇರಲಿಲ್ಲ. ಕಾಯಿಲೆಯೂ ತುಂಬಾ ವರ್ಷ ಎಳೆಯಿತು. ಅದಕ್ಕೇ ಹುಟ್ಟಿನಿಂದ ಬರುವ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಇರಬಹುದೇ ಎಂದು ಇತ್ತೀಚಿನ ಕೆಲವು ವೈದ್ಯರು ಕೇಳಿದರು.

2014ರ ಏಪ್ರಿಲ್‌ನ ಒಂದು ರಾತ್ರಿ ಪೋಲೆಂಡಿನ ತಜ್ಞರು ಜಾಡಿಯನ್ನು ಕಂಬದಿಂದ ಹೊರತೆಗೆದರು. ಮುಚ್ಚಳ ತೆರೆಯಲಿಲ್ಲ, ಗಾಜಿನ ಹೊರಗಿನಿಂದಲೇ ನೋಡಿದರು. ಹೃದಯದ ಮೇಲೆ ಬೆಳ್ಳಗಿನ ಪದರ ಕಟ್ಟಿತ್ತು, ಸಣ್ಣ ಗಂಟುಗಳಿದ್ದವು. ಹಳೆಯ ಕ್ಷಯ ಹೃದಯದ ಪೊರೆಗೆ ಹಬ್ಬಿ ಉರಿಯೂತವಾಗಿದೆ, ಸಾವಿಗೆ ಅದೇ ಕಾರಣವಾಗಿರಬೇಕು ಎಂದು 2017ರಲ್ಲಿ ಪ್ರಕಟಿಸಿದರು. ಜಾಡಿ ತೆರೆದು ಪರೀಕ್ಷಿಸದೆ ನೂರಕ್ಕೆ ನೂರು ಹೇಳಲಾಗದು, ನಿಜ. ಆದರೆ ಸುಮ್ನೆ ಅದನ್ನು ತೆರೆಯುವುದು ಬೇಡ ಅಂತಲೇ ನನ್ನ ಅನಿಸಿಕೆ.

ಬದುಕಿದ್ದಾಗಲೂ ಈ ಕಾಯಿಲೆ ಅವನನ್ನು ಕಾಡದೆ ಬಿಡಲಿಲ್ಲ. 1838ರ ಚಳಿಗಾಲದಲ್ಲಿ ಲೇಖಕಿ ಜಾರ್ಜ್ ಸ್ಯಾಂಡ್ ಮತ್ತು ಅವಳ ಮಕ್ಕಳ ಜೊತೆ ಮಯೋರ್ಕಾ ದ್ವೀಪಕ್ಕೆ ಹೋದ. ಮೂವರು ವೈದ್ಯರು ಬಂದು ನೋಡಿದರು. ಒಬ್ಬರು ಸತ್ತಾಗಿದೆ ಅಂದರು, ಒಬ್ಬರು ಸಾಯುತ್ತಿದ್ದಾನೆ ಅಂದರು, ಇನ್ನೊಬ್ಬರು ಸಾಯುತ್ತಾನೆ ಅಂದರು ಎಂದು ಗೆಳೆಯನಿಗೆ ಬರೆದ. ಕ್ಷಯ ಅಂದ ತಕ್ಷಣ ಮನೆ ಮಾಲೀಕ ಅವರನ್ನು ಹೊರಗೆ ಕಳಿಸಿದ. ವಾಲ್ಡೆಮೋಸಾದ ಒಂದು ಹಳೆಯ ಮಠದ ತಣ್ಣನೆಯ ಕೋಣೆಯಲ್ಲಿ ಉಳಿದುಕೊಂಡರು. ಪಿಯಾನೊಗೆಂದು ಬರೆದ 24 ಪುಟ್ಟ ಕೃತಿಗಳ, ಅಂದರೆ ಪ್ರೆಲ್ಯೂಡ್‌ಗಳ ಕೆಲಸವನ್ನು ಅವನು ಮುಗಿಸಿದ್ದು ಅಲ್ಲೇ.

ಇದನ್ನೆಲ್ಲ ಓದಿದ ಮೇಲೆ ಅವನ ಪ್ರತಿ ರಾಗದಲ್ಲೂ ಸಾವನ್ನೇ ಕೇಳಿಸಿಕೊಳ್ಳುವವರು ಜಾಸ್ತಿ. ದಯವಿಟ್ಟು ಹಾಗೆ ಕೇಳಬೇಡಿ. ಅವನ ದೊಡ್ಡ ಕೃತಿಗಳಲ್ಲಿ ಹಲವು ಹುಟ್ಟಿದ್ದು ಫ್ರಾನ್ಸಿನ ನೊಆನ್ ಹಳ್ಳಿಯಲ್ಲಿ, ಸ್ಯಾಂಡ್ ಮನೆಯಲ್ಲಿ ಕಳೆದ ಬೇಸಿಗೆಗಳಲ್ಲಿ. ಅಲ್ಲಿ ಅವನು ಹೇಗೆ ದುಡಿಯುತ್ತಿದ್ದ ಅಂತ ಅವಳೇ ಬರೆದಿದ್ದಾಳೆ. ದಿನಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ, ಅಳುತ್ತಿದ್ದ, ಬರೆಯುತ್ತಿದ್ದ, ಮತ್ತೆ ಅಳಿಸುತ್ತಿದ್ದ. ಒಂದು ಪುಟಕ್ಕೆ ಆರು ವಾರ ಹಿಡಿದದ್ದೂ ಉಂಟು. ಕೊನೆಗೆ ಮೊದಲ ದಿನ ಹೇಗೆ ಬರೆದಿದ್ದನೋ ಹಾಗೇ ಬರೆದು ಮುಗಿಸುತ್ತಿದ್ದ.