ಅರ್ಧ ಇಂಚಿಂದು ಕೊಡ್ರಿ ಅನ್ನುವ ಮುನ್ನ

ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ಗೆ ಹೋಗಿದ್ದೆ. ಕಂಪ್ರೆಸರ್ ಟ್ಯಾಂಕಿನ ಮೇಲೆ, ಒತ್ತಡ ಮಿತಿ ಮೀರಿದಾಗ ತಾನೇ ತೆರೆದು ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಒಂದು ಪ್ಲಗ್ ಕೂತಿತ್ತು. ಟೆಫ್ಲಾನ್ ಟೇಪನ್ನೂ ಅಚ್ಚುಕಟ್ಟಾಗಿ ಸುತ್ತಿದ್ದರು.

"ಅದು ದಿನಾ ಸುಂಯ್ ಅಂತ ಗಾಳಿ ಬಿಡ್ತಿತ್ರಿ ಸರ್. ಕರೆಂಟ್ ಬಿಲ್ ಜಾಸ್ತಿ ಬರತೈತಿ ಅಂತ ಮಾಲಕರು ಬೈದ್ರು. ಅದಕ್ಕ ಬಂದ್ ಮಾಡೀನ್ರಿ" ಅಂದ ಫಿಟ್ಟರ್.

ಅದು 500 ಲೀಟರ್ ಟ್ಯಾಂಕು. 8 ಬಾರ್ ಒತ್ತಡಕ್ಕೆ ಗಾಳಿ ತುಂಬಿದಾಗ (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಹವೆಯ ಒತ್ತಡ) ಒಳಗಿರುವ ಶಕ್ತಿ ಸುಮಾರು 5 ಲಕ್ಷ ಜೂಲ್. ಒಂದು ಕಾರನ್ನು ಗೋಕಾಕ ಫಾಲ್ಸ್‌ನ ಬುಡದಿಂದ ತುದಿಗೆ ಎತ್ತಲು ಹೆಚ್ಚುಕಡಿಮೆ ಇಷ್ಟೇ ಸಾಕು. ಅದೇ ಟ್ಯಾಂಕಿಗೆ ನೀರು ತುಂಬಿ 8 ಬಾರ್ ಕೊಟ್ಟು ಬಿರುಕು ಬಿಡಿಸಿದರೆ ಒಂದಿಷ್ಟು ನೀರು ಚಿಮ್ಮಿ ಸುಮ್ಮನಾಗುತ್ತದೆ. ಟ್ಯಾಂಕನ್ನು ಗಾಳಿಯಿಂದ ಅಲ್ಲ, ನೀರಿನಿಂದ ಟೆಸ್ಟ್ ಮಾಡುವುದು ಇದಕ್ಕೇ.

ವಾಲ್ವ್ ಯಾಕೆ ಸೋರುತ್ತಿತ್ತು? ಹುಡುಕುತ್ತಾ ಹೋದರೆ ಕಥೆ ಶಾಪಿನ ಆ ತುದಿಯಲ್ಲಿತ್ತು. ಅಲ್ಲಿ ಲೇಥ್‌ನ ಚಕ್ (ಗಾಳಿಯ ಒತ್ತಡದಿಂದ ಕೆಲಸದ ತುಂಡನ್ನು ಹಿಡಿಯುವ ಭಾಗ) ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಕಾರಣ ಪೈಪಿನ ದಾರಿಯುದ್ದಕ್ಕೂ ಸೋರುವ ಕಪ್ಲಿಂಗ್‌ಗಳು, ಅಂದರೆ ಜೋಡಣೆಗಳು. ಅದನ್ನು ಸರಿಪಡಿಸುವುದು ಬಿಟ್ಟು, ಒತ್ತಡ ತುಂಬಿದಾಗ ಕಂಪ್ರೆಸರನ್ನು ನಿಲ್ಲಿಸುವ ಪ್ರೆಶರ್ ಸ್ವಿಚ್ಚನ್ನೇ 8ರಿಂದ 9 ಬಾರ್‌ಗೆ ಏರಿಸಿದ್ದರು. ವಾಲ್ವ್ ತೆರೆಯುವುದು 9ರ ಆಸುಪಾಸಿನಲ್ಲೇ. ಸೋರದೆ ಇನ್ನೇನು ಮಾಡೀತು, ಅಲ್ವಾ? ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಸ್ವಿಚ್ ಕಟ್ ಆಗುವ ಒತ್ತಡಕ್ಕಿಂತ ವಾಲ್ವ್ ಒಂದು ಬಾರ್ ಆದರೂ ಮೇಲಿರಲಿ. ಆದರೆ ಟ್ಯಾಂಕಿನ ಪ್ಲೇಟ್ ಮೇಲೆ ಬರೆದ ಮಿತಿಯನ್ನು ಯಾವ ಕಾರಣಕ್ಕೂ ದಾಟಬಾರದು.

ಇನ್ನೊಂದು ಎಡವಟ್ಟು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಟ್ಯಾಂಕಿಗೆ ಮೊದಲು ಒಂದೇ 10 ಎಚ್‌ಪಿ ಕಂಪ್ರೆಸರ್ ಇತ್ತು, ಸುಮಾರು 38 ಸಿಎಫ್‌ಎಂ (ಅಂದರೆ ನಿಮಿಷಕ್ಕೆ 38 ಘನ ಅಡಿ ಗಾಳಿ). ಕೆಲಸ ಜಾಸ್ತಿ ಆಯ್ತೆಂದು ಅಂಥದ್ದೇ ಇನ್ನೊಂದನ್ನು ಜೋಡಿಸಿದರು. ತೆಗೆದಿಟ್ಟಿದ್ದ ಹಳೆಯ ವಾಲ್ವನ್ನು ಡ್ರಾಯರ್‌ನಿಂದ ತರಿಸಿ ಟ್ಯಾಗ್ ಒರೆಸಿ ನೋಡಿದೆ: 45 ಸಿಎಫ್‌ಎಂ. ಸ್ವಿಚ್ ಕಾಂಟ್ಯಾಕ್ಟ್ ಅಂಟಿಕೊಂಡು ಎರಡೂ ನಿಲ್ಲದೆ ಓಡಿದರೆ ಒಳಗೆ ಬರುವುದು 76, ಹೊರಗೆ ಹೋಗುವುದು 45. ವಾಲ್ವ್ ತೆರೆದಿದ್ದರೂ ಒತ್ತಡ ಏರುತ್ತಲೇ ಇರುತ್ತದೆ. ಅಂಗಡಿಯಲ್ಲಿ "ಅರ್ಧ ಇಂಚಿಂದು ಒಂದು ಸೇಫ್ಟಿ ವಾಲ್ವ್ ಕೊಡ್ರಿ" ಅಂದರೆ ನೀವು ಕೇಳಿದ್ದು ಥ್ರೆಡ್ ಅಳತೆ ಮಾತ್ರ. ಸೆಟ್ ಒತ್ತಡ, ಹೊರಹಾಕುವ ಸಿಎಫ್‌ಎಂ ಎರಡನ್ನೂ ಕೇಳಿ. ಟ್ಯಾಗ್ ಇಲ್ಲದ ವಾಲ್ವ್ ಎಷ್ಟು ಅಗ್ಗವಾದರೂ ಬೇಡ. ಟ್ಯಾಂಕಿಗೂ ಸೇಫ್ಟಿ ವಾಲ್ವಿಗೂ ನಡುವೆ ಕೈಯಿಂದ ತಿರುಗಿಸಿ ಮುಚ್ಚುವ ಬಾಲ್ ವಾಲ್ವ್ ಹಾಕುವುದು ಪ್ಲಗ್ ಹಾಕಿದಂತೆಯೇ. ಒಂದಲ್ಲ ಒಂದು ದಿನ ಯಾರೋ ಮುಚ್ಚುತ್ತಾರೆ.

ಹೋಸ್‌ಗೆ ಹಾಕುವ ಏರ್ ಫ್ಯೂಸ್‌ಗೂ ಇದೇ ಮಾತು. ಹೋಸ್ ಕಿತ್ತು ಹಾವಿನಂತೆ ಬಡಿದಾಡುವಾಗ ಗಾಳಿಯ ಹರಿವು ದಿಢೀರನೆ ಏರುತ್ತದೆ. ಫ್ಯೂಸ್ ಅದನ್ನು ಗುರುತಿಸಿ ಮುಚ್ಚಿಕೊಳ್ಳಬೇಕು. ಅದರ ಮಿತಿ ತೀರಾ ಕಡಿಮೆ ಇದ್ದರೆ ಗ್ರೈಂಡರ್ ಚಾಲೂ ಮಾಡಿದಾಗಲೆಲ್ಲ ಮುಚ್ಚಿಕೊಂಡು ತಲೆ ತಿನ್ನುತ್ತದೆ, ಮೂರನೇ ದಿನ ಹುಡುಗರು ಬಿಚ್ಚಿ ಎಸೆಯುತ್ತಾರೆ. ತೀರಾ ಹೆಚ್ಚಿದ್ದರೆ ಅದು ಸುಮ್ನೆ ಅಲಂಕಾರ. ಉದ್ದನೆಯ ಸಣ್ಣ ಹೋಸ್‌ನ ಕೊನೆಯಲ್ಲಿ ಒಡೆದರೆ ಹರಿವು ಅಷ್ಟು ಏರುವುದೇ ಇಲ್ಲ. ಆದ್ದರಿಂದ ಹೋಸ್‌ನ ಉದ್ದ, ಒಳಅಳತೆ, ಉಪಕರಣಕ್ಕೆ ಬೇಕಾದ ಗಾಳಿ ಮೂರನ್ನೂ ಬರೆದುಕೊಂಡು ತಯಾರಕರ ಚಾರ್ಟ್ ನೋಡಿ. ಕೂರಿಸುವುದು ಗಟ್ಟಿ ಪೈಪು ಮುಗಿದು ಹೋಸ್ ಶುರುವಾಗುವ ಕಡೆ. ದಪ್ಪ ಹೋಸ್‌ಗಳ ಜಾಯಿಂಟ್‌ಗೆ ಸ್ಟೀಲ್ ಕೇಬಲ್ ಕೂಡ ಕಟ್ಟಿ.

ಗಾಳಿ ಲೈನಿನ ಫಿಲ್ಟರ್‌ನ ಪ್ಲಾಸ್ಟಿಕ್ ಬಟ್ಟಲನ್ನು ಥಿನ್ನರ್‌ನಿಂದ ತೊಳೆಯಬೇಡಿ, ಬಿರುಕು ಬಿಡುತ್ತದೆ. ಸೋಪು ನೀರು ಸಾಕು. ಹೊರಗೆ ಲೋಹದ ಗಾರ್ಡ್ ಇರುವುದನ್ನೇ ಕೊಳ್ಳಿ.

ಇನ್ನು ನೀರು. ಬೆಳಗಾವಿಯ ಜುಲೈ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಆ ಹವೆಯಲ್ಲಿ 10 ಎಚ್‌ಪಿ ಕಂಪ್ರೆಸರ್ ಎಂಟು ಗಂಟೆ ಬಿಡದೆ ಓಡಿದರೆ ಟ್ಯಾಂಕು, ಪೈಪು ಸೇರಿ ಏಳೆಂಟು ಲೀಟರ್ ನೀರು ಕೂರುತ್ತದೆ. ಟ್ಯಾಂಕಿನ ತಳ ಒಳಗಿನಿಂದ ತುಕ್ಕು ತಿಂದು ತೆಳ್ಳಗಾದ ಮೇಲೆ ಪ್ಲೇಟ್ ಮೇಲಿನ ಮಿತಿ ಕೇವಲ ಹಳೆಯ ನೆನಪು. ಆಟೋ ಡ್ರೈನ್ ಹಾಕಿದ್ದರೂ ಕೈ ಡ್ರೈನ್ ಒಂದಿರಲಿ, ದಿನಕ್ಕೊಮ್ಮೆ ತೆರೆಯಲಿ.

ಆ ಶಾಪ್‌ನಲ್ಲಿ ಮೊದಲು ಕಪ್ಲಿಂಗ್‌ಗಳ ಸೋರಿಕೆ ನಿಲ್ಲಿಸಿ, ಸ್ವಿಚ್ಚನ್ನು ಮತ್ತೆ 8ಕ್ಕೆ ಇಳಿಸಿದೆವು. 90 ಸಿಎಫ್‌ಎಂ ಹೊರಹಾಕುವ ಹೊಸ ವಾಲ್ವ್ ಬಂತು. ಅದರ ಥ್ರೆಡ್ ಮುಕ್ಕಾಲು ಇಂಚು. "ಹಳೇ ತೂತಿಗೆ ಕೂಡಂಗಿಲ್ರಿ, ರೆಡ್ಯೂಸರ್ ಹಾಕ್ಲೇನ್ರಿ?" ಅಂದ ಫಿಟ್ಟರ್. ಬೇಡ, ದಾರಿ ಕಿರಿದಾದರೆ ದೊಡ್ಡ ವಾಲ್ವ್ ತಂದು ಏನು ಬಂತು ಅಂದೆ. ಟ್ಯಾಂಕಿನ ಇನ್ನೊಂದು ಬದಿಯಲ್ಲಿ ಒಂದು ಇಂಚಿನ ಖಾಲಿ ಪೋರ್ಟ್ ಇತ್ತು. ಅದು ವಾಲ್ವಿನ ದಾರಿಗಿಂತ ಅಗಲ, ಹಾಗಾಗಿ ಅಲ್ಲಿ ಕೂರಿಸಿದೆವು.