ಪೈಲ್ಸ್ ಆಪರೇಷನ್ ಆದ ಮೇಲೆ ವಾಕಿಂಗ್, ಯೋಗ ಯಾವಾಗಿನಿಂದ?

ಪ್ರಶ್ನೆ: ನನಗೆ 42 ವರ್ಷ. ಪೈಲ್ಸ್ ಆಪರೇಷನ್ ಆಗಿ ಒಂದು ವಾರ ಆಯ್ತು. ಮೊದಲು ದಿನಾ ವಾಕಿಂಗ್, ಯೋಗ ಮಾಡುತ್ತಿದ್ದೆ. ಈಗ ಓಡಾಡಿದರೆ ಗಾಯ ಬಿಚ್ಚಿಕೊಳ್ಳುತ್ತದೆ ಅಂತ ಮನೆಯವರು ಹಾಸಿಗೆಯಿಂದ ಏಳಲು ಬಿಡುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಸರ್ಜನ್ ಬೇಡ ಅಂದಿಲ್ಲವಾದರೆ ಇವತ್ತೇ ಎದ್ದು ನಡೆಯಿರಿ. ಸಾಮಾನ್ಯವಾಗಿ ಆಪರೇಷನ್ ಆದ ಮಾರನೇ ದಿನದಿಂದಲೇ ಮನೆಯೊಳಗೆ ನಡೆದಾಡಲು ಹೇಳುತ್ತಾರೆ. ಸುಮ್ನೆ ಮಲಗಿದ್ದರೆ ಕರುಳಿನ ಕೆಲಸವೂ ನಿಧಾನವಾಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಂದಲೂ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ತಿಣುಕಬೇಕು, ತಿಣುಕಿದರೆ ಗಾಯಕ್ಕೆ ಪೆಟ್ಟು. ಮನೆಯವರು ಹೆದರಬೇಕಾದ್ದು ಈ ತಿಣುಕುವುದಕ್ಕೆ!

ಐದು ನಿಮಿಷ, ಹತ್ತು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ನಡೆದರೆ ಸಾಕು. ಹಜಾರದಲ್ಲೋ ಟೆರೇಸ್‌ನಲ್ಲೋ ಆದರೂ ಆಯ್ತು. ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಬೆವರು ನಿಂತರೆ ಗಾಯದ ಜಾಗ ಉರಿಯುತ್ತದೆ. ನಡೆದು ಬಂದ ಮೇಲೆ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು–ಹದಿನೈದು ನಿಮಿಷ ಕೂತರೆ ಬಿಗಿತ ಬಿಡುತ್ತದೆ.

ಯಾವುದು ಮಾಡಬಹುದು, ಯಾವುದು ಬೇಡ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಉಸಿರು ಬಿಗಿಹಿಡಿದರೆ ಮಾತ್ರ ಆಗುವಂಥ ಕೆಲಸ ಸದ್ಯಕ್ಕೆ ಬೇಡ. ಉಸಿರು ಕಟ್ಟಿ ಹೊಟ್ಟೆಗೆ ಬಲ ಕೊಟ್ಟಾಗ ಒತ್ತಡವೆಲ್ಲ ಕೆಳಕ್ಕೆ ಇಳಿದು ಗುದದ ಸುತ್ತಲಿನ ರಕ್ತನಾಳಗಳು ಉಬ್ಬುತ್ತವೆ. ಕಪಾಲಭಾತಿಯಲ್ಲಿ ಉಸಿರು ಕಟ್ಟುವುದಿಲ್ಲ, ನಿಜ. ಆದರೆ ಹೊಟ್ಟೆಯನ್ನು ರಭಸದಿಂದ ಒಳಗೆಳೆಯುತ್ತೀರಲ್ಲ, ಅದೂ ಬೇಡ. ನೌಕಾಸನ, ಬಸ್ಕಿ, ಜಿಮ್ಮಿನ ಭಾರ ಯಾವುದೂ ಈಗ ಬೇಡ. 20 ಲೀಟರ್ ನೀರಿನ ಕ್ಯಾನ್ ಎತ್ತಿ ಡಿಸ್ಪೆನ್ಸರ್ ಮೇಲೆ ಕೂರಿಸುವುದೂ ಭಾರ ಎತ್ತುವ ವ್ಯಾಯಾಮವೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ? ಸೈಕಲ್ ಅಂತೂ ದೂರವೇ ಇರಲಿ. ಸ್ಕೂಟರ್ ಕೂಡ, ನಮ್ಮ ರಸ್ತೆ ಗುಂಡಿಗಳನ್ನು ನೆನೆದು, ಸ್ವಲ್ಪ ದಿನ ನಿಂತಿರಲಿ.

ಈ ದಿನಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಹೊಟ್ಟೆ ಉಸಿರಾಟ. ಅಂಗಾತ ಮಲಗಿ ಮೊಣಕಾಲು ಮಡಚಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಿಧಾನವಾಗಿ ಉಸಿರೆಳೆದಾಗ ಕೈ ಮೇಲೇಳಬೇಕು. ಅದೇ ಹೊತ್ತಿಗೆ ಗುದದ ಸುತ್ತಲಿನ ಸ್ನಾಯುಗಳನ್ನು ಸಡಿಲ ಬಿಡಿ. ನೋವಿಗೆ ಹೆದರಿ ಆ ಜಾಗದ ಸ್ನಾಯು ತಾನಾಗಿಯೇ ಬಿಗಿದುಕೊಂಡಿರುತ್ತದೆ. ಆ ಬಿಗಿತದಿಂದ ನೋವು ಇನ್ನೂ ಜಾಸ್ತಿ. ಹಾಗಾಗಿ ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮವನ್ನು ಈಗಲೇ ಶುರು ಮಾಡಬೇಡಿ, ಡಾಕ್ಟರ್ ಹೇಳಿದ ಮೇಲೆ ನೋಡೋಣ. ಕಮೋಡ್ ಮೇಲೆ ಕೂತಾಗಲೂ ಇದೇ ಉಸಿರಾಟ ಮಾಡಿ, ಕಾಲ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. ಫೋನ್ ಮಾತ್ರ ಹೊರಗೇ ಇರಲಿ. ಅದು ಕೈಲಿದ್ದರೆ ಕೂತವರು ಏಳುವುದಿಲ್ಲ.

ಎರಡನೇ ವಾರ ಸ್ವಲ್ಪ ಹುಷಾರು. ನೋವು ಇಳಿಯುತ್ತದೆ, ಎಲ್ಲ ಸರಿಹೋಯ್ತು ಅನಿಸುತ್ತದೆ. ಆದರೆ ತಡವಾಗಿ ರಕ್ತ ಬರುವ ಸಾಧ್ಯತೆ ಇರುವುದೂ ಸುಮಾರಾಗಿ ಈ ದಿನಗಳಲ್ಲೇ. ಕತ್ತರಿಸಿ ತೆಗೆದ ಗಾಯ ಪೂರ್ತಿ ಮಾಯಲು 4ರಿಂದ 6 ವಾರ ಬೇಕು. ಲೇಸರ್ ಅಥವಾ ಸ್ಟೇಪ್ಲರ್ ವಿಧಾನದ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತೀರಿ. ನಿಮ್ಮದು ಯಾವುದು ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತದೆ. ಸೂರ್ಯ ನಮಸ್ಕಾರ, ಓಟ, ಜಿಮ್ ಯಾವಾಗ ಅನ್ನುವುದನ್ನು ಗಾಯ ನೋಡಿದ ಸರ್ಜನ್ನೇ ಹೇಳಬೇಕು.

ಮಲದ ಜೊತೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಆ ದಿನ ನಡಿಗೆ ಕಡಿಮೆ ಮಾಡಿ. ರಕ್ತ ನಿಲ್ಲದೆ ಸುರಿದರೆ, ಗಡ್ಡೆಗಡ್ಡೆಯಾಗಿ ಬಂದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ, ಇಳಿದಿದ್ದ ನೋವು ಮತ್ತೆ ಏರಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.