ಬೆಳ್ಳಿ ಗೆರೆ ಉಳಿಯುತ್ತದೆ, ಬಿಳಿ ಗೆರೆ ಓಡಿಹೋಗುತ್ತದೆ

ಪಕ್ಕದ ಮನೆಯ ಹ್ಯಾಂಗಿಂಗ್ ಪಾಟಿನಿಂದ ನೇರಳೆ ಬಳ್ಳಿ ಇಳಿಬಿದ್ದಿದ್ದರೆ ಯಾರಿಗಾದರೂ ಆಸೆಯಾಗುತ್ತದೆ. "ಒಂದು ಕಡ್ಡಿ ಕೊಡ್ತೀರಾ?" ಅಂತ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ನಮ್ಮ ಬಾಲ್ಕನಿಗಳ ಎಷ್ಟೋ ಗಿಡಗಳು ನರ್ಸರಿಯಿಂದಲ್ಲ, ಹೀಗೆ ಕೈಯಿಂದ ಕೈಗೆ ಬಂದವು. ಕಡ್ಡಿ ಊರಿದರೆ ಅದೇ ಗಿಡ, ಅದೇ ಬಣ್ಣ ಸಿಗುತ್ತದೆ ಅನ್ನುವುದು ಎಲ್ಲರ ನಂಬಿಕೆ.

ಗಿಡದ ಮಟ್ಟಿಗೆ ಅದು ನಿಜ. ಬಣ್ಣದ ಮಟ್ಟಿಗೆ ಅರ್ಧ ಮಾತ್ರ ನಿಜ. ಆ ನೇರಳೆ ಬಳ್ಳಿ, ಅಂದರೆ ಬೆಳ್ಳಿ ಪಟ್ಟಿಯ ಟ್ರಾಡೆಸ್ಕ್ಯಾಂಟಿಯಾ ಜೆಬ್ರಿನಾ, ಎಲ್ಲಿ ಊರಿದರೂ ಬೆಳ್ಳಿ ಪಟ್ಟಿಯನ್ನೇ ಕೊಡುತ್ತದೆ. ಅದರ ಹತ್ತಿರದ ನೆಂಟ, ಬಿಳಿ-ಗುಲಾಬಿ ಗೆರೆಯ 'ನಾನೂಕ್' ಇದೆಯಲ್ಲ, ಅದು ಕೆಲವು ತಿಂಗಳಲ್ಲಿ ಬರೀ ಹಸಿರಾಗಿ ನಿಂತುಬಿಡಬಹುದು. ಮಣ್ಣು ಅದೇ, ನೀರು ಅದೇ, ಕೈಯೂ ಅದೇ. ಆ ಬಣ್ಣ ಎಲೆಯಲ್ಲಿ ಹೇಗೆ ಹುಟ್ಟಿದೆ ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಮೊದಲು ಬೇರಿನ ವಿಷಯ ಮುಗಿಸೋಣ. ನರ್ಸರಿಯವರು ಇವತ್ತಿಗೂ 'ವಾಂಡರಿಂಗ್ ಜ್ಯೂ' ಅಂತ ಮಾರುವ ಈ ಜೆಬ್ರಿನಾ ಮೆಕ್ಸಿಕೊದಿಂದ ಕೊಲಂಬಿಯಾವರೆಗಿನ ಕಾಡುಗಳ ಗಿಡ. ನಮ್ಮ ಹೊಲದ ಕನ್ನೆ ಸೊಪ್ಪು ಕೂಡ ಇದೇ ಕುಟುಂಬದ್ದು. ಕನ್ನೆ ಸೊಪ್ಪನ್ನು ಕಳೆ ಅಂತ ಕಿತ್ತು ಬದುವಿನ ಮೇಲೆ ಎಸೆದು ಬಂದರೆ, ಮಳೆ ಬಿದ್ದ ಮೇಲೆ ಅದು ಅಲ್ಲೇ ಬೇರು ಬಿಟ್ಟು ಕೂತಿರುತ್ತದೆ. ರೈತರಿಗೆ ಇದು ತಲೆನೋವು. ಹ್ಯಾಂಗಿಂಗ್ ಪಾಟಿನವರಿಗೆ ಇದೇ ವರ.

ಗುಟ್ಟು ಇರುವುದು ಗೆಣ್ಣಿನಲ್ಲಿ. ಎಲೆ ಕಾಂಡಕ್ಕೆ ಸೇರುವ ಉಬ್ಬಿದ ಜಾಗವೇ ಗೆಣ್ಣು. ಕಬ್ಬು ನೆಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಣ್ಣಿಲ್ಲದ ಕಬ್ಬಿನ ತುಂಡನ್ನು ಯಾರೂ ನೆಡುವುದಿಲ್ಲ. ಟ್ರಾಡೆಸ್ಕ್ಯಾಂಟಿಯಾದ ಗೆಣ್ಣಿನಲ್ಲಿ ಎರಡು ಸಿದ್ಧತೆಗಳಿರುತ್ತವೆ. ಎಲೆಯ ಕಂಕುಳಲ್ಲಿ ಒಂದು ಮೊಗ್ಗು (ಹೂವಿನದಲ್ಲ, ಹೊಸ ಕುಡಿಯದು) ಮಲಗಿರುತ್ತದೆ. ಅದರ ಹತ್ತಿರವೇ ಬೇರು ಹೊರಡುವ ಜಾಗಗಳೂ ಇರುತ್ತವೆ. ಬಳ್ಳಿ ನೆಲ ಮುಟ್ಟಿದರೆ ಸಾಕು, ಕತ್ತರಿಸದೆಯೂ ಬೇರು ಬರುತ್ತದೆ. ಗೆಣ್ಣಿಲ್ಲದ ಬರೀ ಎಲೆಯನ್ನೋ ನಡುವಿನ ನುಣುಪು ಕಾಂಡವನ್ನೋ ನೀರಿನಲ್ಲಿಟ್ಟು ಕಾಯುವುದು ವ್ಯರ್ಥ.

ಬೇರು ಹೊರಡಲಿ ಅಂತ ಹೇಳುವುದು ಆಕ್ಸಿನ್ ಎಂಬ ಹಾರ್ಮೋನು. 1920ರ ದಶಕದಲ್ಲಿ ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಜೆಲ್ಲಿಯ ತುಂಡಿನ ಮೇಲಿಟ್ಟರು. ಆಮೇಲೆ ಆ ಅಗರ್ ತುಂಡನ್ನಷ್ಟೇ ತಲೆ ಕತ್ತರಿಸಿದ ಮೊಳಕೆಯ ಒಂದು ಬದಿಗೆ ಇಟ್ಟರು. ಮೊಳಕೆ ಬಾಗಿ ಬೆಳೆಯಿತು. ತುದಿಯಿಂದ ಏನೋ ಅಗರ್‌ಗೆ ಇಳಿದಿತ್ತು ಅಂತಾಯಿತು. ಅದೇ ಆಕ್ಸಿನ್. ಎಳೆ ಎಲೆಗಳಲ್ಲಿ, ಕುಡಿಯಲ್ಲಿ ತಯಾರಾಗಿ ಕೋಶದಿಂದ ಕೋಶಕ್ಕೆ ಕೆಳಮುಖವಾಗಿ ಇಳಿಯುತ್ತದೆ. ವೇಗ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್. ಕಾಂಡ ಕತ್ತರಿಸಿದಾಗ ಮುಂದೆ ಹೋಗಲು ದಾರಿ ಇಲ್ಲ. ಕತ್ತರಿಸಿದ ತುದಿಯ ಹತ್ತಿರ ಆಕ್ಸಿನ್ ಜಮಾ ಆಗುತ್ತದೆ. ಅಲ್ಲಿನ ಕೆಲವು ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೇರಿನ ರೂಪ ತಾಳುತ್ತವೆ. ಕುಡಿ ಇರುವ ಕಡ್ಡಿ ಬೇಗ ಬೇರು ಬಿಡುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯಲ್ಲಿ ಇರುವುದು ಸಾಮಾನ್ಯವಾಗಿ ಐಬಿಎ ಎಂಬ ಆಕ್ಸಿನ್. ದಾಸವಾಳದಂಥ ಗಟ್ಟಿ ಕಾಂಡಕ್ಕೆ ಅದು ಉಪಯೋಗ. ಟ್ರಾಡೆಸ್ಕ್ಯಾಂಟಿಯಾಗೆ ಬೇಡವೇ ಬೇಡ. ಜೇನುತುಪ್ಪ, ಚಕ್ಕೆ ಪುಡಿ, ಲೋಳೆಸರ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರಲ್ವಾ, ಅವನ್ನು ಅಡುಗೆಮನೆಯಲ್ಲೇ ಬಿಡಬಹುದು.

ಮೂರ್ನಾಲ್ಕು ಗೆಣ್ಣಿರುವ ಕುಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆಗಳನ್ನು ತೆಗೆಯಿರಿ. ನೇರವಾಗಿ ಕೋಕೋಪೀಟ್ ಮತ್ತು ಗೊಬ್ಬರದ ಸಡಿಲ ಮಿಶ್ರಣಕ್ಕೆ ಚುಚ್ಚಿ. ಒಂದು ಕುಂಡಕ್ಕೆ ಏಳೆಂಟು ಕಡ್ಡಿ ಇರಲಿ, ಇಲ್ಲದಿದ್ದರೆ ಕುಂಡ ಬೋಳು ಬೋಳಾಗಿ ಕಾಣುತ್ತದೆ. ನೀರಿನ ಬಾಟಲಿಯಲ್ಲಿಟ್ಟರೆ ಬೇರು ಕಾಣುತ್ತದೆ, ನೋಡಲು ಖುಷಿ. ಆದರೆ ನೀರಿನಲ್ಲಿ ಹುಟ್ಟಿದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಸ್ವಲ್ಪ ಒದ್ದಾಡುತ್ತದೆ. ಬೇರು ಎರಡು ಮೂರು ಸೆಂಟಿಮೀಟರ್ ಆದಾಗಲೇ ಮಣ್ಣಿಗೆ ಹಾಕುವುದು ಒಳ್ಳೆಯದು. ಇನ್ನೊಂದು ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ಬಾಟಲಿಗಳೆಂದರೆ ಬಹಳ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಗಳು ಬಾಟಲಿಯ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಹಾಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆಯಾದರೂ ಬಾಟಲಿಯನ್ನು ಉಜ್ಜಿ ತೊಳೆಯಬೇಕು.

ಇನ್ನು ಬಣ್ಣ. ಜೆಬ್ರಿನಾದ ಎಲೆಯಲ್ಲಿ ಹೊಳೆಯುವ ಬೆಳ್ಳಿ ಪಟ್ಟಿಯಲ್ಲಿ ಬೆಳ್ಳಿ ಬಣ್ಣದ ವಸ್ತು ಯಾವುದೂ ಇಲ್ಲ. ಅಲ್ಲಿರುವುದು ಗಾಳಿ. ಎಲೆಯ ಮೇಲಿನ ಸಿಪ್ಪೆ ಬಣ್ಣವಿಲ್ಲದ, ನೀರು ತುಂಬಿದ ಕೋಶಗಳಿಂದ ಆದದ್ದು. ಅದರ ಕೆಳಗೆ ಹಸಿರು ಕೋಶಗಳು. ಪಟ್ಟಿ ಇರುವ ಕಡೆ ಈ ಎರಡರ ನಡುವೆ ತೆಳ್ಳಗಿನ ಗಾಳಿಯ ಸಂದುಗಳಿರುತ್ತವೆ. ಬೆಳಕು ಒಳಗೆ ಹೋಗುವ ಮೊದಲೇ ಒಂದಷ್ಟು ಅಲ್ಲಿಂದ ಹಿಂದಕ್ಕೆ ಚಿಮ್ಮುತ್ತದೆ. ಸೋಪಿನ ನೊರೆ ಬೆಳ್ಳಗೆ ಕಾಣುವುದೂ ಇದೇ ಲೆಕ್ಕದಲ್ಲಿ. ಹೀಗೆ ಸಂದು ಬಿಟ್ಟು ಎಲೆ ಕಟ್ಟುವ ರೀತಿ ಗಿಡದ ಪ್ರತಿ ಕೋಶದ ವಂಶವಾಹಿಯಲ್ಲೂ ಬರೆದಿದೆ. ಅದಕ್ಕೇ ಯಾವ ಗೆಣ್ಣಿನಿಂದ ಹೊಸ ಕುಡಿ ಬಂದರೂ ಪಟ್ಟಿ ಬಂದೇ ಬರುತ್ತದೆ.

ಎಲೆಯ ಅಡಿಯ ನೇರಳೆ ಮಾತ್ರ ನಿಜವಾದ ಬಣ್ಣದ ವಸ್ತು. ಆಂಥೋಸಯನಿನ್ ಗುಂಪಿಗೆ ಸೇರಿದ್ದು, ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವುದೂ ಇದೇ ಗುಂಪಿನದು. ಕೋಶದ ಒಳಗಿನ ರಸದಾನಿಯಲ್ಲಿ ಕರಗಿರುತ್ತದೆ. ಇದನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಪಿಯುಸಿ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ರೋಯಿಯೋ ಎಲೆಯ ಅಡಿಯ ಸಿಪ್ಪೆ ತೆಗೆದು, ಉಪ್ಪು ನೀರು ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ನೆನಪಿದೆಯಾ? ಆ ರೋಯಿಯೋ ಈಗ ಟ್ರಾಡೆಸ್ಕ್ಯಾಂಟಿಯಾ ಕುಲಕ್ಕೇ ಸೇರಿದೆ. ನೀರು ಹೊರಗೆ ಹೋದಂತೆ ಪ್ರತಿ ಕೋಶದಲ್ಲೂ ನೇರಳೆ ಮುದುಡಿ ಗೋಡೆಯಿಂದ ದೂರ ಸರಿಯುತ್ತದೆ. ಪ್ಲಾಸ್ಮಾಲಿಸಿಸ್ ಪಾಠಕ್ಕೆ ಈ ಗಿಡವನ್ನೇ ಆರಿಸಿದ್ದು ಈ ಬಣ್ಣದ ದೆಸೆಯಿಂದ.

ಎಲೆಯ ಅಡಿಗೆ ನೇರಳೆ ಯಾಕೆ ಬೇಕು? ಜೋರು ಬಿಸಿಲಿನಿಂದ ರಕ್ಷಣೆಗೆ ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಕಾಡಿನ ನೆರಳಿನಲ್ಲಿ ಎಲೆ ದಾಟಿ ಹೋಗುವ ಕೆಂಪು ಬೆಳಕನ್ನು ಹಿಂದಕ್ಕೆ ತಿರುಗಿಸಲು ಅಂತ ಇನ್ನು ಕೆಲವರು. ಜಗಳ ಇನ್ನೂ ಮುಗಿದಿಲ್ಲ. ನಮಗೆ ಮುಖ್ಯವಾದದ್ದು ಬೇರೆ. ಗಿಡ ಈ ಬಣ್ಣ ಮಾಡಲು ಬೆಳಕು ಬೇಕು. ಒಳಮನೆಯ ಮೂಲೆಗಿಟ್ಟರೆ ನೇರಳೆ ಮಾಸುತ್ತದೆ, ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತದೆ. ಕಿಟಕಿಯ ಹತ್ತಿರ ತಂದರೆ ಹೊಸ ಎಲೆಗಳಲ್ಲಿ ಬಣ್ಣ ವಾಪಸ್. ಅಂದರೆ ನೇರಳೆ ಹೋದರೂ ಕಳೆದುಹೋಗಿರುವುದಿಲ್ಲ.

ಬಿಳಿ ಗೆರೆಯ ಕಥೆಯೇ ಬೇರೆ. ಬಿಳಿ ಅಂದರೆ ಅಲ್ಲಿ ಪತ್ರಹರಿತ್ತು ಇಲ್ಲ ಅಂತ. ಇಂಥ ಎಷ್ಟೋ ಗಿಡಗಳಲ್ಲಿ ಒಂದೇ ಕಾಂಡದೊಳಗೆ ಎರಡು ಬಗೆಯ ಕೋಶಗಳು ಜೊತೆಯಾಗಿ ಬೆಳೆಯುತ್ತಿರುತ್ತವೆ. ಕೆಲವು ಪತ್ರಹರಿತ್ತು ಮಾಡಬಲ್ಲವು, ಕೆಲವಕ್ಕೆ ಆಗದು. ಇದಕ್ಕೆ ಕೈಮೆರಾ ಅನ್ನುತ್ತಾರೆ. ಟ್ರಾಡೆಸ್ಕ್ಯಾಂಟಿಯಾ ಏಕದಳ ಸಸ್ಯ. ಅದರ ಎಲೆಯಲ್ಲಿ ಕೋಶಗಳು ಉದ್ದುದ್ದ ಸಾಲಾಗಿ ಬೆಳೆಯುತ್ತವೆ. ಹಾಗಾಗಿ ಬಿಳಿ ಕೋಶದ ಸಂತಾನ ಬಿಳಿ ಗೆರೆ, ಹಸಿರು ಕೋಶದ ಸಂತಾನ ಹಸಿರು ಗೆರೆ. 'ನಾನೂಕ್'ನ ಗುಲಾಬಿ ಅಂದರೆ ಬಿಳಿಯ ಜೊತೆಗೆ ಒಂದಿಷ್ಟು ಆಂಥೋಸಯನಿನ್.

ಈಗ ಕಂಕುಳ ಮೊಗ್ಗಿಗೆ ವಾಪಸ್ ಬನ್ನಿ. ಆ ಮೊಗ್ಗು ಹುಟ್ಟಿದ ಜಾಗದಲ್ಲಿ ಎರಡೂ ಬಗೆಯ ಕೋಶ ಇದ್ದರೆ ಹೊಸ ಕುಡಿಯಲ್ಲೂ ಗೆರೆ ಬರುತ್ತದೆ. ಬರೀ ಹಸಿರು ಕೋಶ ಇದ್ದರೆ ಕುಡಿ ಪೂರ್ತಿ ಹಸಿರು. ಬರೀ ಬಿಳಿ ಇದ್ದರೆ ಪೂರ್ತಿ ಬಿಳಿ. ಈ ಬಿಳಿ ಕುಡಿ ತಾಯಿ ಗಿಡದಲ್ಲಿ ಇರುವಷ್ಟು ದಿನ ಚೆನ್ನಾಗೇ ಇರುತ್ತದೆ, ಊಟ ಬೇರೆ ಎಲೆಗಳಿಂದ ಬರುತ್ತಿರುತ್ತದೆ. ಎಷ್ಟು ಚೆಂದ ಅಂತ ಅದನ್ನೇ ಕತ್ತರಿಸಿ ಊರಿದರೆ ಉಪವಾಸ ಸಾಯುತ್ತದೆ.

ಆದ್ದರಿಂದ ಕಡ್ಡಿ ಕೇಳುವಾಗ ಸಂಕೋಚ ಬಿಟ್ಟು ಆರಿಸಿಕೊಳ್ಳಿ. ತುದಿಯ ಎಲೆಗಳಲ್ಲಿ ಹಸಿರೂ ಬಿಳಿಯೂ ಸಮನಾಗಿ ಬೆರೆತಿರಬೇಕು. ಕಾಂಡದ ಮೇಲೂ ಎರಡು ಬಣ್ಣದ ಗೆರೆ ಕಂಡರೆ ಇನ್ನೂ ಒಳ್ಳೆಯದು. ಆಮೇಲೆ ಪೂರ್ತಿ ಹಸಿರು ಕುಡಿ ಬಂದರೆ ಅದು ಹೊರಟ ಗೆಣ್ಣಿನವರೆಗೂ ಕತ್ತರಿಸಿ. ಕರುಣೆ ತೋರಿಸಿದರೆ ಕೆಟ್ಟಿತು. ಹಸಿರು ಕುಡಿಗೆ ಪತ್ರಹರಿತ್ತು ಜಾಸ್ತಿ, ಊಟ ಜಾಸ್ತಿ, ಬೆಳವಣಿಗೆಯೂ ಜಾಸ್ತಿ. ಕೊನೆಗೆ ಕುಂಡವೆಲ್ಲ ಅದರದ್ದೇ ಆಗುತ್ತದೆ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ನೆಟ್ಟವರಿಗೆ ಹಳದಿ ಅಂಚಿಲ್ಲದ ಮರಿ ಸಿಗುವುದೂ ಈ ಕೈಮೆರಾದ ಆಟವೇ. ಹಳದಿ ಅಂಚು ಬೇಕಿದ್ದರೆ ಬುಡ ಸಮೇತ ಮರಿಯನ್ನೇ ಬಿಡಿಸಿಕೊಳ್ಳಬೇಕು.

ಒಂದು ಕೋಶ ಬಣ್ಣ ಬದಲಿಸುವುದನ್ನು ವಿಜ್ಞಾನಿಗಳು ವಿಕಿರಣದ ಅಳತೆಗೋಲಾಗಿಯೂ ಬಳಸಿಕೊಂಡಿದ್ದಾರೆ. ಟ್ರಾಡೆಸ್ಕ್ಯಾಂಟಿಯಾ ಹೂವಿನ ಕೇಸರಗಳ ಮೇಲೆ ಸಣ್ಣ ಕೂದಲುಗಳಿವೆ. ಒಂದೊಂದು ಕೂದಲೂ ಸಾಲಾಗಿ ನಿಂತ ಒಂಟಿ ಕೋಶಗಳ ಎಳೆ. ಕೆಲವು ತಳಿಗಳಲ್ಲಿ ನೀಲಿ ಬಣ್ಣದ ವಂಶವಾಹಿ ಒಂದು, ಗುಲಾಬಿಯದ್ದು ಒಂದು ಇರುತ್ತದೆ. ನೀಲಿಯದ್ದೇ ಮೇಲುಗೈ. ವಿಕಿರಣ ತಾಗಿ ನೀಲಿಯ ವಂಶವಾಹಿ ಕೆಟ್ಟರೆ ಆ ಕೋಶ ಗುಲಾಬಿ ಆಗುತ್ತದೆ. ನೀಲಿ ಎಳೆಯಲ್ಲಿ ಎಷ್ಟು ಗುಲಾಬಿ ಅಂತ ಎಣಿಸಿದರಾಯಿತು. 1967ರಲ್ಲಿ ನಾಸಾ ಬಯೋಸ್ಯಾಟಲೈಟ್-2 ಉಪಗ್ರಹದಲ್ಲಿ ಈ ಗಿಡಗಳನ್ನು ಬಾಹ್ಯಾಕಾಶಕ್ಕೂ ಕಳಿಸಿತ್ತು. ಬೀಜದಿಂದ ಬೆಳೆಸಿದರೆ ನೀಲಿ-ಗುಲಾಬಿ ಜೋಡಿ ಮುರಿದುಹೋಗುವ ಅಪಾಯ ಇದೆ. ಹಾಗಾಗಿ ಇಂಥ ತಳಿಗಳನ್ನು ಪ್ರಯೋಗಾಲಯದಲ್ಲೂ ಕಡ್ಡಿ ಊರಿಯೇ ಉಳಿಸಿಕೊಳ್ಳುತ್ತಾರೆ.

ಬೀಜದ ಮಾತು ಬಂದಾಗ ಮನಿ ಪ್ಲಾಂಟನ್ನು ಬಿಡುವುದು ಹೇಗೆ? ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದ ಬಳ್ಳಿ ಅದು. ನಿಮ್ಮ ಮನೆಯದ್ದು ಹೂ ಬಿಟ್ಟಿದ್ದು ನೋಡಿದ್ದೀರಾ? ಯಾರೂ ನೋಡಿರಲಿಕ್ಕಿಲ್ಲ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಹಾರ್ಮೋನನ್ನು ತಯಾರಿಸುವ ಒಂದು ವಂಶವಾಹಿ ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊರಗಿನಿಂದ ಆ ಹಾರ್ಮೋನು ಸಿಂಪಡಿಸಿದಾಗ ಹೂ ಬಂತು. ಹೂವಿಲ್ಲ, ಬೀಜವಿಲ್ಲ. ಆದರೂ ಊರೂರಿಗೆ, ಬಾಟಲಿ ಬಾಟಲಿಗೆ ಹರಡಿದೆ. ಎಲ್ಲವೂ ತುಂಡಿನ ತುಂಡಿನ ತುಂಡು.

ಹ್ಯಾಂಗಿಂಗ್ ಪಾಟು ವರ್ಷ ಕಳೆಯುವಷ್ಟರಲ್ಲಿ ಮೇಲೆ ಬೋಳಾಗಿ, ಕೆಳಗೆ ಮಾತ್ರ ಎಲೆ ಉಳಿಯುವುದು ಸಾಮಾನ್ಯ. ರೋಗವಲ್ಲ, ಹಳೆ ಎಲೆ ಉದುರುವುದೇ ಹಾಗೆ. ಕುಡಿ ಚಿವುಟುತ್ತಿರಿ. ಕುಡಿ ಇರುವಷ್ಟು ದಿನ ಅದು ಕೆಳಗಿನ ಮೊಗ್ಗುಗಳನ್ನು ತಡೆದು ಹಿಡಿದಿರುತ್ತದೆ. ಅದು ಹೋದರೆ ಮಲಗಿದ್ದ ಮೊಗ್ಗುಗಳು ಏಳುತ್ತವೆ. ಚಿವುಟಿದ ಕುಡಿಗಳನ್ನು ಅದೇ ಕುಂಡದ ಬೋಳು ಜಾಗಕ್ಕೆ ಚುಚ್ಚಿ.

ಮಿಕ್ಕಿದ್ದನ್ನು ಎಲ್ಲಿ ಎಸೆಯುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ಗಮನ ಇರಲಿ. ಟ್ರಾಡೆಸ್ಕ್ಯಾಂಟಿಯಾ ಫ್ಲುಮಿನೆನ್ಸಿಸ್ ಎಂಬ ಇನ್ನೊಂದು ನೆಂಟ ಬ್ರೆಜಿಲ್ ಕಡೆಯದು. ಅಲಂಕಾರಕ್ಕೆ ಅಂತ ನ್ಯೂಜಿಲೆಂಡಿಗೆ ಹೋಯಿತು. ಅಲ್ಲಿ ಅದು ಬೀಜ ಕಟ್ಟುವುದಿಲ್ಲ. ಆದರೂ ಬರೀ ಕಾಂಡದ ತುಂಡುಗಳಿಂದಲೇ ಕಾಡಿನ ನೆಲದ ಮೇಲೆ ದಪ್ಪ ಹಾಸಾಗಿ ಹರಡಿ, ಮರಗಳ ಸಸಿಗಳು ಮೇಲೇಳದಂತೆ ಮಾಡಿದೆ. ಮಲೆನಾಡಿನ ತೇವ ಅದರ ನೆಂಟರಿಗೂ ಒಗ್ಗುವಂಥದ್ದು. ಹಳ್ಳದ ದಂಡೆಗೋ ಖಾಲಿ ಸೈಟಿಗೋ ಹಸಿ ತುಂಡುಗಳನ್ನು ಎಸೆಯಬೇಡಿ. ಬಿಸಿಲಲ್ಲಿ ಗರಿಗರಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಅಂದಹಾಗೆ, ಇವುಗಳ ರಸ ತಾಗಿದರೆ ಕೆಲವರಿಗೆ ಚರ್ಮ ಕೆರೆಯುತ್ತದೆ, ನಾಯಿಗಳ ಹೊಟ್ಟೆಯ ಮೇಲೂ ತುರಿಕೆ ಏಳುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಬಳ್ಳಿ ನೆಲಕ್ಕೆ ಇಳಿಯುವ ಮೊದಲೇ ಕತ್ತರಿಸಿಬಿಡಿ.